ಲೂಪಸ್: ಕೆನ್ನೆಯ ಕೆಂಪಿನ ಹಿಂದೆ ಹೃದಯ, ಶ್ವಾಸಕೋಶಕ್ಕೆ ಕಾದಿರುವ ಅಪಾಯ

ಮೂವತ್ತರ ಆಸುಪಾಸಿನ ಮಹಿಳೆ. ಕೆಲವು ತಿಂಗಳಿಂದ ಕೈಬೆರಳ ಗಂಟುಗಳಲ್ಲಿ ನೋವು, ಬಿಸಿಲಿಗೆ ಹೋದರೆ ಕೆನ್ನೆ ಕೆಂಪೇರುವುದು, ಕೂದಲು ಉದುರುವುದು, ಆಗಾಗ ಸಣ್ಣ ಜ್ವರ. ಒಂದು ದಿನ ದೀರ್ಘವಾಗಿ ಉಸಿರೆಳೆದಾಗ ಎದೆಯ ಒಂದು ಬದಿಯಲ್ಲಿ ಚುಚ್ಚಿದಂಥ ನೋವು ಕಾಣಿಸಿಕೊಳ್ಳುತ್ತದೆ. ಗ್ಯಾಸ್ಟ್ರಿಕ್ ಇರಬೇಕೆಂದು ಮನೆಯವರು ಮಾತ್ರೆ ಕೊಡುತ್ತಾರೆ. ವಾರ ಕಳೆದು ಎಕ್ಸ್-ರೇ ತೆಗೆಸಿದಾಗ ಶ್ವಾಸಕೋಶದ ಸುತ್ತ ನೀರು ತುಂಬಿರುವುದು ಗೊತ್ತಾಗುತ್ತದೆ. ಕೆನ್ನೆಗೆ ಚರ್ಮರೋಗ ತಜ್ಞರು, ಗಂಟುನೋವಿಗೆ ಮೂಳೆ ವೈದ್ಯರು, ಎದೆನೋವಿಗೆ ಇನ್ನೊಬ್ಬರು. ಇವೆಲ್ಲವೂ ಒಂದೇ ರೋಗದ ಬೇರೆ ಬೇರೆ ಮುಖಗಳಿರಬಹುದು ಎಂಬುದು ಹೊಳೆಯುವ ವೇಳೆಗೆ ಅಮೂಲ್ಯವಾದ ಸಮಯ ಕಳೆದಿರುತ್ತದೆ.

ಇದು ಯಾವುದೋ ಒಬ್ಬರ ಕತೆಯಲ್ಲ. ಸಂಧಿವಾತ ತಜ್ಞರ ಮುಂದೆ ಮತ್ತೆ ಮತ್ತೆ ಬರುವ ಚಿತ್ರ. ರೋಗದ ಹೆಸರು ಲೂಪಸ್. ಪೂರ್ಣ ಹೆಸರು ಸಿಸ್ಟಮಿಕ್ ಲೂಪಸ್ ಎರಿಥಮಟೋಸಸ್, ಚುಟುಕಾಗಿ ಎಸ್‌ಎಲ್‌ಇ.

ದೇಹವೇ ದೇಹದ ಶತ್ರುವಾದಾಗ

ರೋಗಾಣುಗಳಿಂದ ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯು ತನ್ನದೇ ದೇಹದ ಜೀವಕೋಶಗಳನ್ನು ಪರಕೀಯವೆಂದು ಭ್ರಮಿಸಿ ಅವುಗಳ ಮೇಲೆರಗುವುದೇ ಲೂಪಸ್‌ನ ಮೂಲ. ಜೀವಕೋಶದ ಕೇಂದ್ರದಲ್ಲಿರುವ ಡಿಎನ್‌ಎ ಮುಂತಾದ ವಸ್ತುಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿಕೊಳ್ಳುತ್ತವೆ. ಅವು ರಕ್ತದಲ್ಲಿ ಸಂಚರಿಸುತ್ತಾ ಚರ್ಮ, ಕೀಲು, ಮೂತ್ರಪಿಂಡ, ಮೆದುಳು, ಹೃದಯ, ಶ್ವಾಸಕೋಶ ಹೀಗೆ ಎಲ್ಲಿ ಬೇಕಾದರೂ ಉರಿಯೂತ ಉಂಟುಮಾಡಬಲ್ಲವು. ಇದು ಸಾಂಕ್ರಾಮಿಕವಲ್ಲ. ಮುಟ್ಟುವುದರಿಂದಾಗಲೀ ಒಟ್ಟಿಗೆ ಉಣ್ಣುವುದರಿಂದಾಗಲೀ ಹರಡುವುದಿಲ್ಲ. ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಹಿಳೆಯರು. ಅವರಲ್ಲೂ ಹೆಚ್ಚಿನವರು 15ರಿಂದ 45ರ ವಯೋಮಾನದವರು, ಅಂದರೆ ಓದು, ಉದ್ಯೋಗ, ಸಂಸಾರದ ಹೊಣೆಗಳು ಹೆಗಲೇರುವ ಕಾಲದವರು.

ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ಮುಖದ ಹುಣ್ಣುಗಳು ತೋಳ ಕಚ್ಚಿದಂತೆ ಕಾಣುತ್ತವೆಂಬ ಹಳೆಯ ಕಲ್ಪನೆಯಿಂದ ಬಂದ ಹೆಸರಿದು. ಬಹುಕಾಲ ಇದನ್ನು ಚರ್ಮರೋಗವೆಂದೇ ತಿಳಿಯಲಾಗಿತ್ತು. 1872ರಲ್ಲಿ ವಿಯೆನ್ನಾದ ಚರ್ಮರೋಗ ತಜ್ಞ ಮೋರಿಟ್ಸ್ ಕಪೋಸಿ ಇದು ದೇಹದ ಒಳಭಾಗಕ್ಕೂ ವ್ಯಾಪಿಸುತ್ತದೆ ಎಂದು ವಿವರಿಸಿದರು. 1924ರಲ್ಲಿ ನ್ಯೂಯಾರ್ಕ್‌ನ ವೈದ್ಯರಾದ ಇಮ್ಯಾನ್ಯುಯಲ್ ಲಿಬ್‌ಮನ್ ಮತ್ತು ಬೆಂಜಮಿನ್ ಸ್ಯಾಕ್ಸ್ ಹೃದಯದ ಕವಾಟಗಳ ಮೇಲೆ ನರೂಲಿಯಂಥ ಸಣ್ಣ ಗಂಟುಗಳು ಬೆಳೆದಿದ್ದ ನಾಲ್ವರು ರೋಗಿಗಳ ಬಗ್ಗೆ ಬರೆದರು. ಆ ಗಂಟುಗಳಲ್ಲಿ ರೋಗಾಣುಗಳಿರಲಿಲ್ಲ. ಅದು ಲೂಪಸ್‌ನ ಕೈವಾಡವೆಂಬುದು ಮುಂದೆ ಸ್ಪಷ್ಟವಾಯಿತು. ಇಂದಿಗೂ ಆ ಸ್ಥಿತಿಗೆ ಅವರಿಬ್ಬರ ಹೆಸರೇ ಉಳಿದಿದೆ.

ಎರಡು ಅಲೆಗಳ ರೋಗ

1950ರ ದಶಕದಲ್ಲಿ ಲೂಪಸ್ ಪತ್ತೆಯಾದವರಲ್ಲಿ ಐದು ವರ್ಷ ಬದುಕುತ್ತಿದ್ದವರು ಸುಮಾರು ಅರ್ಧದಷ್ಟು ಮಾತ್ರ. ಸ್ಟೀರಾಯ್ಡ್, ಡಯಾಲಿಸಿಸ್, ಆಂಟಿಬಯಾಟಿಕ್‌ಗಳ ಬಳಕೆ ಹೆಚ್ಚಿದಂತೆ ಚಿತ್ರ ಬದಲಾಯಿತು. ಒಳ್ಳೆಯ ಚಿಕಿತ್ಸೆ ಸಿಗುವೆಡೆ ಈಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ರೋಗಿಗಳು ಐದು ವರ್ಷ ದಾಟುತ್ತಾರೆ. ಆದರೆ ಆಯುಸ್ಸು ಹೆಚ್ಚಿದಂತೆ ಹೊಸದೊಂದು ಅಪಾಯ ತಲೆ ಎತ್ತಿತು.

1976ರಲ್ಲಿ ಕೆನಡಾದ ಟೊರಾಂಟೊದ ಡಾ. ಮರ್ರೆ ಯುರೋವಿಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿ ಈ ವಿಷಯದಲ್ಲಿ ಒಂದು ಮೈಲಿಗಲ್ಲು. ಅವರು ಗಮನಿಸುತ್ತಿದ್ದ 81 ರೋಗಿಗಳಲ್ಲಿ 11 ಮಂದಿ ಮೃತಪಟ್ಟಿದ್ದರು. ಆರು ಮಂದಿ ಮೊದಲ ವರ್ಷದಲ್ಲೇ ತೀರಿಕೊಂಡಿದ್ದರು. ಅವರಲ್ಲಿ ರೋಗ ಉಲ್ಬಣಿಸಿತ್ತು, ಸೋಂಕೂ ಸೇರಿಕೊಂಡಿತ್ತು. ಉಳಿದ ಐವರು ವರ್ಷಗಳ ನಂತರ ಅಸುನೀಗಿದರು. ಆ ವೇಳೆಗೆ ಲೂಪಸ್ ಬಹುತೇಕ ತಣ್ಣಗಾಗಿತ್ತು, ಆದರೆ ಐವರಿಗೂ ಹೃದಯಾಘಾತವಾಗಿತ್ತು. ಲೂಪಸ್ ಎರಡು ಅಲೆಗಳಲ್ಲಿ ಕೊಲ್ಲುತ್ತದೆ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು.

1997ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಡಾ. ಸೂಸನ್ ಮಾಂಝಿ ಅವರ ತಂಡ ಇನ್ನಷ್ಟು ಬೆಚ್ಚಿಬೀಳಿಸುವ ಅಂಕಿಯನ್ನು ಮುಂದಿಟ್ಟಿತು. 35ರಿಂದ 44 ವರ್ಷದ ಲೂಪಸ್ ಪೀಡಿತ ಮಹಿಳೆಯರಿಗೆ ಹೃದಯಾಘಾತದ ಸಂಭವ ಅದೇ ವಯಸ್ಸಿನ ಇತರ ಮಹಿಳೆಯರಿಗಿಂತ 50 ಪಟ್ಟು ಹೆಚ್ಚು. ಮುಟ್ಟು ನಿಲ್ಲುವ ಮುನ್ನ ಹೆಂಗಸರಿಗೆ ಹೃದಯಾಘಾತ ಅಪರೂಪ ಎಂಬ ನಂಬಿಕೆ ಲೂಪಸ್ ರೋಗಿಗಳ ಪಾಲಿಗೆ ಅನ್ವಯಿಸುವುದಿಲ್ಲ.

ಹೃದಯಕ್ಕೆ ಏನಾಗುತ್ತದೆ?

ಹೃದಯದ ಯಾವ ಭಾಗವೂ ಲೂಪಸ್‌ನಿಂದ ಹೊರತಲ್ಲ. ಸಾಮಾನ್ಯವಾಗಿ ಕಾಣುವುದು ಹೃದಯಾವರಣದ ಉರಿಯೂತ. ಸುಮಾರು ನಾಲ್ವರು ರೋಗಿಗಳಲ್ಲಿ ಒಬ್ಬರಿಗೆ ಎಂದಾದರೊಮ್ಮೆ ಇದು ಬರುತ್ತದೆ. ಎದೆಯ ನಡುವೆ ನೋವು, ಅಂಗಾತ ಮಲಗಿದರೆ ಹೆಚ್ಚುವುದು, ಎದ್ದು ಮುಂದಕ್ಕೆ ಬಾಗಿ ಕುಳಿತರೆ ಕಡಿಮೆಯಾಗುವುದು ಇದರ ಲಕ್ಷಣ. ಹೃದಯದ ಸುತ್ತ ಸ್ವಲ್ಪ ನೀರು ಸೇರಿದರೆ ಔಷಧದಿಂದಲೇ ಇಳಿಯುತ್ತದೆ. ಅಪರೂಪಕ್ಕೆ ಹೆಚ್ಚು ನೀರು ಸೇರಿ ಹೃದಯವನ್ನೇ ಅದುಮಿದರೆ ರಕ್ತದೊತ್ತಡ ಕುಸಿಯುತ್ತದೆ. ಆಗ ಸೂಜಿಯ ಮೂಲಕ ಆ ನೀರನ್ನು ತುರ್ತಾಗಿ ಹೊರತೆಗೆಯಬೇಕಾಗುತ್ತದೆ.

ಹೃದಯದ ಸ್ನಾಯುವಿಗೇ ಉರಿಯೂತ ತಗುಲುವುದು ವಿರಳ, ಆದರೆ ಗಂಭೀರ. ಏದುಸಿರು, ಎದೆ ಡವಗುಟ್ಟುವುದು, ಕಾಲು ಊದಿಕೊಳ್ಳುವುದು ಇದರ ಸೂಚನೆಗಳು. ಕವಾಟಗಳ ಮೇಲಿನ ಲಿಬ್‌ಮನ್-ಸ್ಯಾಕ್ಸ್ ಗಂಟುಗಳು ಬಹುಪಾಲು ಸದ್ದಿಲ್ಲದೆ ಇರುತ್ತವೆ. ಅವುಗಳಿಂದ ಕಳಚಿದ ಚೂರು ಮೆದುಳಿನ ರಕ್ತನಾಳ ಸೇರಿದರೆ ಮಾತ್ರ ಪಾರ್ಶ್ವವಾಯುವಿಗೆ ದಾರಿಯಾಗುತ್ತದೆ.

ನಿಧಾನವಾಗಿ, ಸುಳಿವು ಕೊಡದೆ ಸಾಗುವುದು ಹೃದಯದ ರಕ್ತನಾಳಗಳು ಕಿರಿದಾಗುವ ಪ್ರಕ್ರಿಯೆ. ವರ್ಷಗಟ್ಟಲೆ ಇರುವ ಉರಿಯೂತ ರಕ್ತನಾಳದ ಒಳಪದರವನ್ನು ಹಾಳುಮಾಡಿ ಕೊಬ್ಬು ಶೇಖರವಾಗಲು ಅನುವು ಮಾಡಿಕೊಡುತ್ತದೆ. ಮೂತ್ರಪಿಂಡ ತೊಂದರೆಗೀಡಾಗಿದ್ದರೆ ರಕ್ತದೊತ್ತಡ ಏರುತ್ತದೆ. ದೀರ್ಘಕಾಲ ಹೆಚ್ಚಿನ ಪ್ರಮಾಣದಲ್ಲಿ ಸ್ಟೀರಾಯ್ಡ್ ಸೇವಿಸಿದರೆ ತೂಕ, ಸಕ್ಕರೆ, ಕೊಲೆಸ್ಟರಾಲ್ ಮೂರೂ ಏರುತ್ತವೆ. ಜೀವ ಉಳಿಸುವ ಔಷಧವೇ ಹೃದಯಕ್ಕೆ ಹೊರೆಯಾಗುವ ವಿಪರ್ಯಾಸ ಇಲ್ಲಿದೆ.

ಶ್ವಾಸಕೋಶದ ಸಂಕಟಗಳು

ಶ್ವಾಸಕೋಶವನ್ನು ಹೊದ್ದಿರುವ ತೆಳುಪೊರೆಯ ಉರಿಯೂತ ಲೂಪಸ್‌ನಲ್ಲಿ ಬಹಳ ಸಾಮಾನ್ಯ. ಮೂರರಲ್ಲೊಂದು ಭಾಗದಿಂದ ಅರ್ಧದಷ್ಟು ರೋಗಿಗಳು ಇದನ್ನು ಅನುಭವಿಸುತ್ತಾರೆ. ಉಸಿರೆಳೆದಾಗ, ಕೆಮ್ಮಿದಾಗ ಚುಚ್ಚುವ ನೋವು ಇದರ ಗುರುತು. ಪೊರೆಗಳ ನಡುವೆ ನೀರು ತುಂಬಿಕೊಳ್ಳಲೂಬಹುದು. ನೋವು ತೀವ್ರವಾಗಿದ್ದರೂ ಇದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ.

ಇದಕ್ಕಿಂತ ಅಪಾಯಕಾರಿಯಾದುದು ಶ್ವಾಸಕೋಶದ ಒಳಗೇ ರಕ್ತಸ್ರಾವವಾಗುವುದು. ಹಠಾತ್ ಉಸಿರಾಟದ ತೊಂದರೆ, ಎರಡೂ ಶ್ವಾಸಕೋಶಗಳಲ್ಲಿ ಬಿಳಿ ಮಚ್ಚೆ, ಹಿಮೋಗ್ಲೋಬಿನ್ ಒಮ್ಮೆಲೇ ಕುಸಿಯುವುದು ಇದರ ಚಿಹ್ನೆಗಳು. ಕಫದಲ್ಲಿ ರಕ್ತ ಎಲ್ಲರಿಗೂ ಕಾಣುವುದಿಲ್ಲವಾದ್ದರಿಂದ ಇದು ನ್ಯುಮೋನಿಯಾ ಎಂದು ತಪ್ಪಾಗಿ ಭಾವಿಸಲ್ಪಡುವ ಸಂಭವವಿದೆ. ಅಪರೂಪದ್ದಾದರೂ ಸಾವಿನ ಪ್ರಮಾಣ ಹೆಚ್ಚು. ಗಂಟೆಗಳ ಲೆಕ್ಕದಲ್ಲಿ ತೀವ್ರ ನಿಗಾ ಘಟಕ ಸೇರಬೇಕಾದ ಸ್ಥಿತಿ ಇದು.

ಶ್ವಾಸಕೋಶದ ಅಪಧಮನಿಗಳಲ್ಲಿ ಒತ್ತಡ ಏರುವುದು ಮತ್ತೊಂದು ತೊಡಕು. ಸಾಮಾನ್ಯ ಬಿಪಿ ಯಂತ್ರದಲ್ಲಿ ಇದು ಗೊತ್ತಾಗದು. ಮಹಡಿ ಹತ್ತುವಾಗ ಮೊದಲಿಲ್ಲದ ಆಯಾಸ, ಏದುಸಿರು, ತಲೆ ತಿರುಗುವುದು ಮೊದಲಾದ ಲಕ್ಷಣಗಳು ಕಂಡರೆ ಎಕೋ ಪರೀಕ್ಷೆ ಅಗತ್ಯ. ಕೆಲವರಲ್ಲಿ ವಪೆಯ ಚಲನೆ ಕುಂದಿ ಶ್ವಾಸಕೋಶಕ್ಕೆ ಹಿಗ್ಗಲು ಎಡೆ ಸಾಲದಂತಾಗುತ್ತದೆ. ವೈದ್ಯರು ಇದನ್ನು ‘ಕುಗ್ಗುವ ಶ್ವಾಸಕೋಶ’ ಎನ್ನುತ್ತಾರೆ. ಶ್ವಾಸಕೋಶದ ಅಂಗಾಂಶ ಸ್ಕ್ಯಾನ್‌ನಲ್ಲಿ ಚೆನ್ನಾಗಿಯೇ ಕಾಣುವುದರಿಂದ ‘ಎಲ್ಲ ಮಾನಸಿಕ’ ಎಂಬ ಮಾತು ಕೇಳಬೇಕಾದ ರೋಗಿಗಳೂ ಇದ್ದಾರೆ. ಉಸಿರಾಟದ ಸಾಮರ್ಥ್ಯ ಅಳೆಯುವ ಪರೀಕ್ಷೆಯಲ್ಲಿ ಸತ್ಯ ಬಯಲಾಗುತ್ತದೆ.

ರಕ್ತ ಹೆಪ್ಪುಗಟ್ಟುವ ಗುಣ

ಲೂಪಸ್ ರೋಗಿಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರ ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಎಂಬ ಪ್ರತಿಕಾಯಗಳಿರುತ್ತವೆ. ಇವು ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯನ್ನು ಹೆಚ್ಚಿಸುತ್ತವೆ. ಲಂಡನ್ನಿನ ಡಾ. ಗ್ರಹಾಂ ಹ್ಯೂಸ್ 1983ರಲ್ಲಿ ಈ ತೊಂದರೆಯನ್ನು ವಿವರಿಸಿದರು. ಕಾಲಿನ ಅಭಿಧಮನಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಳಚಿ ಶ್ವಾಸಕೋಶಕ್ಕೆ ಸೇರಿದರೆ ಕ್ಷಣಾರ್ಧದಲ್ಲಿ ಪ್ರಾಣಾಪಾಯ ಎದುರಾಗಬಹುದು. ಒಂದೇ ಕಾಲು ಊದಿ ನೋಯುವುದು, ಅದರ ಬೆನ್ನಲ್ಲೇ ಹಠಾತ್ ಉಸಿರುಕಟ್ಟುವುದು ಕಂಡರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. ಪದೇ ಪದೇ ಗರ್ಭಪಾತವಾಗುವುದೂ ಈ ಪ್ರತಿಕಾಯಗಳ ಸುಳಿವಿರಬಹುದು.

ಈ ಪರೀಕ್ಷೆ ಒಮ್ಮೆ ಪಾಸಿಟಿವ್ ಬಂದರೆ ಸಾಲದು. 12 ವಾರಗಳ ನಂತರ ಪುನಃ ಮಾಡಿ ಖಚಿತಪಡಿಸಿಕೊಳ್ಳಬೇಕು. ಹೆಪ್ಪುಗಟ್ಟಿದ ಇತಿಹಾಸವಿದ್ದವರಿಗೆ ವಾರ್ಫರಿನ್ ಮಾತ್ರೆ ಬಹುಕಾಲ ಬೇಕಾಗುತ್ತದೆ. ಮೂರೂ ಬಗೆಯ ಪ್ರತಿಕಾಯಗಳಿರುವ ರೋಗಿಗಳಲ್ಲಿ ಹೊಸ ಔಷಧ ರಿವರೊಕ್ಸಬಾನ್‌ಗಿಂತ ಹಳೆಯ ವಾರ್ಫರಿನ್ನೇ ಮೇಲು ಎಂದು 2018ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನ ತೋರಿಸಿತು. ಆದ್ದರಿಂದ ‘ರಕ್ತಪರೀಕ್ಷೆಯ ರಗಳೆ ಇಲ್ಲದ ಮಾತ್ರೆ’ ಎಂದು ಸ್ವಂತ ನಿರ್ಧಾರದಿಂದ ಬದಲಿಸುವುದು ಸಲ್ಲದು. ವಾರ್ಫರಿನ್ ಸೇವಿಸುವವರು ಸೊಪ್ಪು ತಿನ್ನುವುದನ್ನು ಪೂರ್ತಿ ಬಿಡಬೇಕಾಗಿಲ್ಲ. ಪ್ರಮಾಣ ವಾರದಿಂದ ವಾರಕ್ಕೆ ಏರುಪೇರಾಗದಂತೆ ನೋಡಿಕೊಂಡರೆ ಸಾಕು.

ಕ್ಷಯವೋ, ಲೂಪಸ್ಸೋ?

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ವವಿದೆ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲೇ ಇದ್ದಾರೆ. ಜ್ವರ, ತೂಕ ಇಳಿಯುವುದು, ಶ್ವಾಸಕೋಶದ ಸುತ್ತ ನೀರು ಇವೆಲ್ಲ ಎರಡೂ ರೋಗಗಳಿಗೆ ಸಮಾನ. ಲೂಪಸ್ ಅನ್ನು ಕ್ಷಯವೆಂದು ತಿಳಿದರೆ ತಿಂಗಳುಗಟ್ಟಲೆ ತಪ್ಪು ಚಿಕಿತ್ಸೆ. ಕ್ಷಯವನ್ನು ಲೂಪಸ್ ಉಲ್ಬಣವೆಂದು ತಿಳಿದು ಸ್ಟೀರಾಯ್ಡ್ ಹೆಚ್ಚಿಸಿದರೆ ರೋಗಾಣುಗಳಿಗೆ ಬಾಗಿಲು ತೆರೆದಂತೆ. ಎರಡೂ ಒಬ್ಬರಲ್ಲೇ ಇರುವುದೂ ಉಂಟು.

ಆದ್ದರಿಂದ ಎದೆಯಿಂದ ತೆಗೆದ ನೀರಿನ ಪರೀಕ್ಷೆ, ಕಫದ ಪರೀಕ್ಷೆ, ಸಿಟಿ ಸ್ಕ್ಯಾನ್, ಜತೆಗೆ ಎಎನ್‌ಎ, ಡಿಎನ್‌ಎ ಪ್ರತಿಕಾಯ, ಕಾಂಪ್ಲಿಮೆಂಟ್ ಮುಂತಾದ ರಕ್ತಪರೀಕ್ಷೆಗಳನ್ನು ಒಟ್ಟಾಗಿ ತೂಗಿ ನೋಡಬೇಕಾಗುತ್ತದೆ. ಎಎನ್‌ಎ ಪಾಸಿಟಿವ್ ಬಂದ ಮಾತ್ರಕ್ಕೆ ಲೂಪಸ್ ಎಂದರ್ಥವಲ್ಲ. ಆರೋಗ್ಯವಂತರಲ್ಲೂ ಅದು ಕಾಣಿಸಬಹುದು.

ಇನ್ನೂ ಎರಡು ಸಂಗತಿಗಳನ್ನು ಗಮನಿಸಬೇಕು. ಕ್ಷಯದ ಪ್ರಮುಖ ಔಷಧ ರಿಫಾಂಪಿಸಿನ್, ದೇಹದಲ್ಲಿ ಸ್ಟೀರಾಯ್ಡ್ ಮತ್ತು ವಾರ್ಫರಿನ್‌ನ ಪ್ರಭಾವವನ್ನು ಕುಗ್ಗಿಸುತ್ತದೆ. ಹೀಗಾಗಿ ಲೂಪಸ್ ರೋಗಿಗೆ ಕ್ಷಯದ ಚಿಕಿತ್ಸೆ ಆರಂಭವಾದಾಗ ಉಳಿದ ಔಷಧಗಳ ಪ್ರಮಾಣವನ್ನೂ ಮರುಪರಿಶೀಲಿಸಬೇಕು. ಕ್ಷಯದ ಇನ್ನೊಂದು ಔಷಧವಾದ ಐಸೋನಿಯಾಜಿಡ್ ಕೆಲವರಲ್ಲಿ ತಾನೇ ಲೂಪಸ್ ಹೋಲುವ ಸ್ಥಿತಿಯನ್ನು ತಂದು, ಶ್ವಾಸಕೋಶ ಮತ್ತು ಹೃದಯದ ಪೊರೆಗಳಲ್ಲಿ ಉರಿಯೂತ ಎಬ್ಬಿಸಬಲ್ಲದು. ಕ್ಷಯಕ್ಕೆ ಒಬ್ಬ ವೈದ್ಯರು, ಲೂಪಸ್‌ಗೆ ಇನ್ನೊಬ್ಬರು ಎಂದಾದಾಗ ಇಬ್ಬರ ಔಷಧ ಚೀಟಿಗಳನ್ನೂ ಇಬ್ಬರಿಗೂ ತೋರಿಸುವುದು ರೋಗಿಯ ಕಡೆಯವರ ಕರ್ತವ್ಯ.

ಚಿಕಿತ್ಸೆಯ ನೆಲೆಗಟ್ಟು

ಲೂಪಸ್ ಚಿಕಿತ್ಸೆಯ ಅಡಿಪಾಯ ಹೈಡ್ರಾಕ್ಸಿಕ್ಲೋರೋಕ್ವಿನ್. ಮಲೇರಿಯಾ ಔಷಧಗಳ ಬಳಗಕ್ಕೆ ಸೇರಿದ ಈ ಮಾತ್ರೆಗೆ 1955ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು. ರೋಗ ಮರುಕಳಿಸುವುದನ್ನು ತಗ್ಗಿಸುವುದರ ಜತೆಗೆ ರಕ್ತ ಹೆಪ್ಪುಗಟ್ಟುವುದನ್ನೂ ಇದು ಕಡಿಮೆ ಮಾಡುತ್ತದೆ. ತೊಂದರೆಯಿಲ್ಲದ ಎಲ್ಲ ರೋಗಿಗಳಿಗೂ ಇದನ್ನು ಕೊಡಬೇಕೆಂಬುದು 2023ರ ಯುರೋಪಿನ ತಜ್ಞರ ಮಾರ್ಗಸೂಚಿಯ ಸಲಹೆ. ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ ಇದರ ಗುರಿ ಪ್ರಮಾಣ. ಅಂದರೆ 40 ಕಿಲೋ ತೂಗುವವರಿಗೆ ದಿನಕ್ಕೆ 200 ಮಿಲಿಗ್ರಾಂ.

‘ಈ ಮಾತ್ರೆ ಕಣ್ಣು ಕಳೆಯುತ್ತದೆ’ ಎಂದು ಯಾರೋ ಹೇಳಿದ್ದನ್ನು ಕೇಳಿ ನಿಲ್ಲಿಸುವವರು ಅನೇಕರು. ಅಕ್ಷಿಪಟಲಕ್ಕೆ ಹಾನಿಯಾಗುವ ಸಾಧ್ಯತೆ ಇರುವುದು ನಿಜ. ಆದರೆ ಅದು ಸರಿಯಾದ ಪ್ರಮಾಣದಲ್ಲಿ ಸೇವಿಸಿದರೆ ಮೊದಲ ವರ್ಷಗಳಲ್ಲಿ ಅತಿ ವಿರಳ. ಆರಂಭದಲ್ಲಿ ಒಮ್ಮೆ, ಐದು ವರ್ಷಗಳ ನಂತರ ಪ್ರತಿವರ್ಷ ಕಣ್ಣಿನ ಪರೀಕ್ಷೆ ಮಾಡಿಸಿಕೊಂಡರೆ ತೊಂದರೆಯನ್ನು ಮೊದಲೇ ಗುರುತಿಸಬಹುದು. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಈ ನಿಗಾ ಇನ್ನೂ ಮುಂಚೆಯೇ ಬೇಕು. 2020ರಲ್ಲಿ ಕೋವಿಡ್‌ಗೆ ಇದೇ ರಾಮಬಾಣವೆಂಬ ಸುದ್ದಿ ಹಬ್ಬಿ ಔಷಧದಂಗಡಿಗಳಲ್ಲಿ ದಾಸ್ತಾನು ಖಾಲಿಯಾದಾಗ ಲೂಪಸ್ ರೋಗಿಗಳು ಪಟ್ಟ ಪಾಡು ಇದರ ಬೆಲೆಯನ್ನು ತಿಳಿಸಿತು. ಕೋವಿಡ್‌ಗೆ ಇದರಿಂದ ಪ್ರಯೋಜನವಿಲ್ಲವೆಂದು ದೊಡ್ಡ ಪರೀಕ್ಷೆಗಳು ಬಳಿಕ ಸಾಬೀತುಪಡಿಸಿದವು.

ಪೊರೆಯ ಉರಿಯೂತ ಸೌಮ್ಯವಾಗಿದ್ದರೆ ನೋವು ನಿವಾರಕ ಮಾತ್ರೆಗಳೇ ಸಾಕಾಗಬಹುದು. ಮೂತ್ರಪಿಂಡಕ್ಕೆ ತೊಂದರೆ ಇರುವವರು ಅವನ್ನು ಸೇವಿಸಬಾರದು. ಇಲ್ಲವಾದರೆ ಅಲ್ಪ ಪ್ರಮಾಣದ ಸ್ಟೀರಾಯ್ಡ್ ಕೊಡಲಾಗುತ್ತದೆ. ಹೃದಯದ ಸ್ನಾಯುವಿನ ಉರಿಯೂತ, ಶ್ವಾಸಕೋಶದ ರಕ್ತಸ್ರಾವದಂಥ ಗಂಡಾಂತರಗಳಲ್ಲಿ ರಕ್ತನಾಳದ ಮೂಲಕ ಮೀಥೈಲ್ ಪ್ರೆಡ್ನಿಸೊಲೋನ್ ಕೊಟ್ಟು, ಸೈಕ್ಲೋಫಾಸ್ಫಮೈಡ್ ಮುಂತಾದ ಪ್ರಬಲ ಔಷಧಗಳನ್ನು ಬಳಸುತ್ತಾರೆ. ನಂತರದ ಹಂತದಲ್ಲಿ ಅಜಥಿಯೋಪ್ರಿನ್, ಮೈಕೋಫಿನೊಲೇಟ್‌ನಂಥವು ರೋಗವನ್ನು ಹತೋಟಿಯಲ್ಲಿಡುತ್ತವೆ. 2011ರಲ್ಲಿ ಬೆಲಿಮುಮಾಬ್, 2021ರಲ್ಲಿ ಅನಿಫ್ರೋಲುಮಾಬ್ ಎಂಬ ಜೈವಿಕ ಔಷಧಗಳಿಗೆ ಅಮೆರಿಕದಲ್ಲಿ ಅನುಮೋದನೆ ಸಿಕ್ಕಿದೆ. ಅವುಗಳ ಬೆಲೆ ಮಾತ್ರ ದುಬಾರಿ.

ಸ್ಟೀರಾಯ್ಡ್ ಅನ್ನು ಆದಷ್ಟು ಕಡಿಮೆ ಕಾಲ, ಕಡಿಮೆ ಪ್ರಮಾಣದಲ್ಲಿ ಬಳಸುವುದು ಇಂದಿನ ನೀತಿ. ದಿನಕ್ಕೆ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಮೀರದ ಮಟ್ಟಕ್ಕೆ ಇಳಿಸಿ, ಸಾಧ್ಯವಾದರೆ ನಿಲ್ಲಿಸುವುದು ಗುರಿ. ಆದರೆ ಇಳಿಸಬೇಕಾದವರು ವೈದ್ಯರು. ಮುಖ ದುಂಡಗಾಯಿತೆಂದು ರೋಗಿಯೇ ಒಮ್ಮೆಲೇ ನಿಲ್ಲಿಸಿದರೆ, ಸ್ವಂತ ಸ್ಟೀರಾಯ್ಡ್ ಉತ್ಪಾದನೆಯನ್ನು ಮರೆತಿರುವ ದೇಹ ರಕ್ತದೊತ್ತಡ ಕುಸಿದು ಆಘಾತಕ್ಕೀಡಾಗಬಹುದು.

ಹೃದಯವನ್ನು ಕಾಯುವ ದಿನಚರಿ

ಲೂಪಸ್ ಹತೋಟಿಯಲ್ಲಿದ್ದರೂ ಹೃದಯದ ಲೆಕ್ಕ ಬೇರೆ ಇಡಬೇಕು. ರಕ್ತದೊತ್ತಡ 130/80ಕ್ಕಿಂತ ಕೆಳಗಿರಲಿ ಎಂಬುದು ತಜ್ಞರ ಸಲಹೆ. ವರ್ಷಕ್ಕೊಮ್ಮೆಯಾದರೂ ಕೊಲೆಸ್ಟರಾಲ್, ಸಕ್ಕರೆ, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ಆಗಬೇಕು. ಧೂಮಪಾನ ಸಂಪೂರ್ಣ ವರ್ಜ್ಯ, ಮನೆಯ ಇತರರು ಸೇದುವ ಹೊಗೆಯೂ ಬೇಡ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮಿತವಾಗಿರಲಿ. ರೋಗ ತಣ್ಣಗಿರುವಾಗ ದಿನವೂ ಅರ್ಧ ಗಂಟೆ ನಡಿಗೆ ಒಳ್ಳೆಯದು. ನಡಿಗೆ ಮುಂಜಾನೆ ಅಥವಾ ಸಂಜೆಯಿರಲಿ, ಏಕೆಂದರೆ ಬಿಸಿಲು ಲೂಪಸ್ ಅನ್ನು ಕೆರಳಿಸುತ್ತದೆ.

ಸೋಂಕು ಲೂಪಸ್ ರೋಗಿಗಳ ದೊಡ್ಡ ಶತ್ರು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನು ರೋಗ ಶಾಂತವಾಗಿರುವಾಗ ಹಾಕಿಸಿಕೊಳ್ಳುವುದು ಹಿತ. ಜೀವಂತ ರೋಗಾಣುಗಳಿರುವ ಲಸಿಕೆಗಳು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಸೇವಿಸುವವರಿಗೆ ಸಾಮಾನ್ಯವಾಗಿ ಸಲ್ಲವು.

ಇಲ್ಲೊಂದು ಎಚ್ಚರಿಕೆಯ ಮಾತು. ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಕಷಾಯ, ಪುಡಿಗಳು ಮನೆಮನೆಯಲ್ಲೂ ಇವೆ. ಲೂಪಸ್‌ನಲ್ಲಿ ತೊಂದರೆ ಆ ಶಕ್ತಿಯ ಕೊರತೆಯಲ್ಲ, ಅದು ದಿಕ್ಕುತಪ್ಪಿರುವುದು. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಸ್ವಯಂನಿರೋಧಕ ಮಾದರಿಯ ಹಾನಿ ಕಂಡುಬಂದುದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಆ ತೀರ್ಮಾನವನ್ನು ಒಪ್ಪಲಿಲ್ಲ. ಚರ್ಚೆ ಏನೇ ಇರಲಿ, ಲೂಪಸ್ ಇರುವವರು ಇಂಥವನ್ನು ತಮ್ಮ ವೈದ್ಯರಿಗೆ ತಿಳಿಸದೆ ಸೇವಿಸದಿರುವುದೇ ಕ್ಷೇಮ.

ತಾಯ್ತನಕ್ಕೆ ಮುನ್ನ

ಲೂಪಸ್ ಇದ್ದವರು ತಾಯಿಯಾಗಬಾರದು ಎಂಬ ಮಾತು ಹಳೆಯದಾಯಿತು. ರೋಗ ಕನಿಷ್ಠ ಆರು ತಿಂಗಳು ಶಾಂತವಾಗಿದ್ದರೆ ಹೆಚ್ಚಿನವರು ಸುಖವಾಗಿ ಹೆರಬಲ್ಲರು. ಆದರೆ ಶ್ವಾಸಕೋಶದ ಅಪಧಮನಿಯ ಒತ್ತಡ ಇರುವವರಿಗೆ ಗರ್ಭಧಾರಣೆ ಪ್ರಾಣಾಂತಿಕ. ಎಕೋ ಪರೀಕ್ಷೆಯನ್ನು ಮೊದಲೇ ಮಾಡಿಸಬೇಕು. ಮೈಕೋಫಿನೊಲೇಟ್, ಸೈಕ್ಲೋಫಾಸ್ಫಮೈಡ್, ವಾರ್ಫರಿನ್ ಶಿಶುವಿಗೆ ಹಾನಿ ಮಾಡುವುದರಿಂದ ವೈದ್ಯರು ಅವನ್ನು ಬದಲಿಸುತ್ತಾರೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಮಾತ್ರ ಮುಂದುವರಿಸಬೇಕು.

ತಾಯಿಯ ರಕ್ತದಲ್ಲಿ ಆಂಟಿ-ರೋ ಪ್ರತಿಕಾಯವಿದ್ದರೆ ನೂರರಲ್ಲಿ ಸುಮಾರು ಎರಡು ಗರ್ಭಗಳಲ್ಲಿ ಶಿಶುವಿನ ಹೃದಯ ಬಡಿತ ನಿಧಾನವಾಗುವ ಹೃದಯತಡೆ ಉಂಟಾಗುತ್ತದೆ. ಹಿಂದಿನ ಮಗುವಿಗೆ ಹೀಗಾಗಿದ್ದರೆ ಅಪಾಯ ಹಲವು ಪಟ್ಟು ಹೆಚ್ಚು. ಗರ್ಭಿಣಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಕೊಟ್ಟರೆ ಈ ಮರುಕಳಿಕೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ ಎಂದು 2020ರ ಅಧ್ಯಯನವೊಂದು ತೋರಿಸಿದೆ.

ಯಾವಾಗ ಆಸ್ಪತ್ರೆಗೆ ಧಾವಿಸಬೇಕು?

* ಎದೆ ಬಿಗಿತ, ದವಡೆ, ಬೆನ್ನು ಅಥವಾ ತೋಳಿಗೆ ಹರಡುವ ನೋವು, ತಣ್ಣನೆಯ ಬೆವರು ಕಂಡರೆ. ವಯಸ್ಸು ಎಷ್ಟೇ ಇರಲಿ, ಇಸಿಜಿ ಮತ್ತು ಟ್ರೊಪೊನಿನ್ ಪರೀಕ್ಷೆ ಕೇಳಿ ಮಾಡಿಸಿ.
* ಹಠಾತ್ ಏದುಸಿರು, ಕಫದಲ್ಲಿ ರಕ್ತ, ತುಟಿ ನೀಲಿಗಟ್ಟುವುದು.
* ಒಂದೇ ಕಾಲಿನ ಊತ ಮತ್ತು ನೋವು.
* ಸ್ಟೀರಾಯ್ಡ್ ಸೇವಿಸುತ್ತಿರುವಾಗ ಜ್ವರ ಅಥವಾ ಬಿಡದ ವಾಂತಿ.

ಆಸ್ಪತ್ರೆ ತಲುಪಿದ ಕೂಡಲೇ ‘ನನಗೆ ಲೂಪಸ್ ಇದೆ’ ಎಂದು ಹೇಳುವುದು, ಸೇವಿಸುತ್ತಿರುವ ಔಷಧಗಳ ಚೀಟಿಯನ್ನು ಸದಾ ಪರ್ಸಿನಲ್ಲಿಟ್ಟುಕೊಳ್ಳುವುದು ಸಣ್ಣ ಕೆಲಸಗಳಂತೆ ಕಾಣಬಹುದು. ಇಪ್ಪತ್ತೆಂಟರ ಹುಡುಗಿಗೆ ಎಂಥ ಹೃದಯಾಘಾತ ಎಂದು ತುರ್ತು ಘಟಕದಲ್ಲಿ ಅನುಮಾನಿಸುವ ವೈದ್ಯರಿಗೆ ಆ ಒಂದು ಮಾತು ದಾರಿ ತೋರಿಸುತ್ತದೆ.

ಲೂಪಸ್ ಪೂರ್ತಿ ವಾಸಿಯಾಗುವ ರೋಗವಲ್ಲ, ಆದರೆ ಮಧುಮೇಹದಂತೆ ಹತೋಟಿಯಲ್ಲಿಟ್ಟುಕೊಂಡು ತುಂಬು ಬಾಳು ಬಾಳಬಹುದಾದ ರೋಗ. ಮೈಮೇಲಿನ ಕೆಂಪು ಮಾಸಿತೆಂದು ಮಾತ್ರೆ ಬಿಡದೆ, ಕಾಣದ ಹೃದಯವನ್ನೂ ಶ್ವಾಸಕೋಶವನ್ನೂ ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳುತ್ತಿರಬೇಕು. ರೋಗಿಯ ಈ ಎಚ್ಚರಕ್ಕೆ ಮನೆಯವರ ಸಹನೆಯೂ ಜತೆಗೂಡಬೇಕು.